ಅಕ್ಕನ ಸಿನಿಮಾದ ಹಳದಿ ಅಕ್ಷರ

ಮಾರ್ಚ್ 3, ಸೋಮವಾರ. ಮ್ಯಾಟಿನಿ ಶುರುವಾದ ಮೇಲೆ

ಕೌಂಟರಿನಲ್ಲಿ ಟಿಕೆಟ್ ಕೊಂಡವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಮೊಬೈಲ್ ತೋರಿಸಿ ನನ್ನ ಮುಂದೆಯೇ ಹಾದುಹೋದರು. ಗಾಜಿನ ಹಿಂದೆ ನಾನೂ ಒಂದು ಪೋಸ್ಟರ್. ಬಣ್ಣ ಸ್ವಲ್ಪ ಮಾಸಿದ್ದು.

ಹೊಸ ಸಿನಿಮಾ ನೋಡಿಲ್ಲ. ನೋಡುವ ಅಗತ್ಯವೂ ಇಲ್ಲ — ಥಿಯೇಟರಿಗೂ ನನ್ನ ಕೌಂಟರಿಗೂ ನಡುವೆ ಒಂದೇ ಗೋಡೆ, ಎಲ್ಲ ಕೇಳಿಸುತ್ತದೆ. ಹೀರೋ ಬಾಯಿ ಬಿಡುವ ಮೊದಲು ಡ್ರಮ್ಮು, ಬಿಟ್ಟ ಮೇಲೆ ಡ್ರಮ್ಮು. ನಡುವೆ ಅವನು ಹೇಳಿದ್ದೇನು ಅಂತ ಯಾರಿಗೂ ಬೇಕಿಲ್ಲ. ಇಂಟರ್ವಲ್ ಆದ ಮೇಲೆ ಬರೀ ಎಳೆತ. ಐದಕ್ಕೆ ಎರಡು ಕೊಟ್ಟೆ. ಯಾರು ಕೇಳಿದ್ದರು?

ಗೇಟ್‌ಕೀಪರ್ ಬಂದು ಕಟಕಟೆಗೆ ಒರಗಿ ನಿಂತ. ಎಲ್ಲರೂ ಅವನನ್ನು ಕರೆಯುವುದು ‘ಟಾರ್ಚ್’ ಅಂತ.

“ಮೇಡಂ, ಯಾವ್ದೋ ನಕ್ಷತ್ರದ ಹತ್ರ ಇನ್ನೊಂದು ಭೂಮಿ ಇದ್ಯಂತೆ. ಪೇಪರಲ್ಲಿ ಬಂದಿದೆ.”

“ಅಲ್ಲಿ ಮನೆ ಬಾಡಿಗೆ ಹೇಗಂತೆ?”

ನಕ್ಕು ಹೋದ. ಟಿಕೆಟಿನ ಮಾತು ಬಿಟ್ಟರೆ ಇವತ್ತು ನಾನು ಆಡಿದ ಮಾತು ಅದೊಂದೇ.

ಮಾರ್ಚ್ 5, ಬುಧವಾರ. ಬೆಳಿಗ್ಗೆ

ಪಕ್ಕದ ಮನೆಯವರು ಮಾತಾಡುವ ಡಬ್ಬಿ ತಂದಿದ್ದಾರೆ. ‘ಲೈಟ್ ಆರಿಸು’ ಅಂದರೆ ಆರಿಸುತ್ತದಂತೆ. ಎದ್ದು ಸ್ವಿಚ್ ಒತ್ತುವುದಕ್ಕೆ ಇವರಿಗೇನು ದಾಡಿ? ಆದರೆ ಅದು ದಿನಾ ಬೆಳಿಗ್ಗೆ ‘ಶುಭೋದಯ’ ಅನ್ನುತ್ತದೆ. ಇಲ್ಲಿಗೆ ಕೇಳಿಸುತ್ತದೆ. ಇವತ್ತು ಬಾಯಿತಪ್ಪಿ ನಾನೂ ‘ಶುಭೋದಯ’ ಅಂದೆ. ನಾಚಿಕೆಯಾಯಿತು.

ಟೀವಿಯ ಸಿನಿಮಾ ಖಾತೆ ಮಾಡಿಕೊಟ್ಟವಳು ಅಕ್ಕನ ಮಗಳು. “ಚಿಕ್ಕಮ್ಮ, ಒಂದೇ ಖಾತೇಲಿ ಎಲ್ರೂ ನೋಡ್ಬಹುದು” ಅಂದಿದ್ದಳು. ಹಚ್ಚಿದರೆ ಮೂರು ಗೊಂಬೆ ಮುಖ ಬರುತ್ತವೆ. ಕೆಂಪು ಅವಳದು, ನೀಲಿ ನನ್ನದು, ಹಸಿರು ಅಕ್ಕನದು. ಎರಡು ವರ್ಷದಿಂದ ಅಕ್ಕನ ಮುಖ ಅಂತ ನಾನು ನೋಡುತ್ತಿರುವುದು ಆ ಹಸಿರು ಗೊಂಬೆಯನ್ನೇ.

ಸೋದರಮಾವನ ಮಗನ ಮದುವೆಯಲ್ಲಿ ಅವಳನ್ನು ಹಿಂದಿನಿಂದ ಕರೆದೆ. ಎರಡು ಸಲ. ತಿರುಗಲಿಲ್ಲ. ಊಟಕ್ಕೆ ನಿಂತವರೆಲ್ಲ ನನ್ನ ಮುಖ ನೋಡಿದರು. ವಾರ ಬಿಟ್ಟು ಫೋನ್ ಮಾಡಿದರೆ “ಯಾರು? ಯಾರದು?” ಅಂದು ಇಟ್ಟೇಬಿಟ್ಟಳು. ಒಡಹುಟ್ಟಿದವಳ ದನಿ ಗೊತ್ತಾಗಲಿಲ್ಲವಂತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಕೂದಲು ನರೆಸಿಕೊಂಡವಳು, ಆ ಕಡೆಯವರು ಕೆಮ್ಮಿದರೆ ಸಾಕು ಇಂಥವರೇ ಅಂತ ಹೇಳುತ್ತಿದ್ದವಳು. ಬೇಡವಾದರೆ ಬೇಡ. ನಾನೂ ಅದೇ ತಾಯಿಯ ಮಗಳು.

ಮಾರ್ಚ್ 8, ಶನಿವಾರ. ಕೆಲಸಕ್ಕೆ ಹೊರಡುವ ಮುಂಚೆ

ರಿಮೋಟ್ ಜಾರಿ ಹಸಿರು ಗೊಂಬೆ ತೆರೆದುಕೊಂಡಿತು. ಹಿಂದಕ್ಕೆ ಹೋಗಬೇಕಿತ್ತು. ಕಳ್ಳಿಯ ಹಾಗೆ ಬಾಗಿಲು ನೋಡಿದೆ... ಇಲ್ಲಿಗೆ ಯಾರು ಬರುತ್ತಾರೆ?

ಅರ್ಧಕ್ಕೆ ನಿಲ್ಲಿಸಿದ ಒಂದು ಹಳೇ ತಮಾಷೆ ಸಿನಿಮಾ ಇತ್ತು. ಚಿಕ್ಕವರಿದ್ದಾಗ ಇಬ್ಬರಿಗೂ ಅದರ ಮಾತೆಲ್ಲ ಬಾಯಿಪಾಠ. ಹಾಕಿದೆ. ಕೆಳಗೆ ದಪ್ಪ ದಪ್ಪ ಹಳದಿ ಅಕ್ಷರ. ನಮ್ಮ ಭಾಷೆಯ ಸಿನಿಮಾಕ್ಕೆ ನಮ್ಮ ಭಾಷೆಯಲ್ಲೇ! ಈ ವಯಸ್ಸಲ್ಲಿ ಇವಳಿಗೆ ಓದುವ ಹುಚ್ಚೇಕೆ ಅಂದುಕೊಂಡೆ.

ಮಾತು ಮಾತ್ರ ಅಲ್ಲ. ‘ಬಾಗಿಲು ತಟ್ಟಿದ ಸದ್ದು’ ಅಂತ ಬಂತು. ‘ಪಾತ್ರೆ ಬಿದ್ದ ಸದ್ದು’ ಅಂತ ಬಂತು. ಆಮೇಲೆ ಹೀರೋಯಿನ್ ಒಬ್ಬಳೇ ನಡೆದು ಹೋಗುತ್ತಿದ್ದಾಳೆ, ಕೆಳಗೆ — ‘ಹಿಂದಿನಿಂದ ಯಾರೋ ಕರೆಯುತ್ತಾರೆ’.

ನಿಲ್ಲಿಸಿದೆ.

ಇಂಥ ಅಕ್ಷರ ಯಾರಿಗೆ ಬೇಕು? ಕಿವಿ ಕೇಳದವರಿಗೆ.

ಕೆಲಸಕ್ಕೆ ತಡವಾಯಿತು.

ಮಾರ್ಚ್ 9, ಭಾನುವಾರ. ಇಂಟರ್ವಲ್‌ಗೆ ಮುಂಚೆ

ಅಕ್ಕನ ಮಗಳಿಗೆ ಫೋನ್ ಮಾಡಿದೆ. ಸುತ್ತಿ ಬಳಸಿ ಕೇಳಲು ಬರಲಿಲ್ಲ.

“ನಿಮ್ಮಮ್ಮನ ಕಿವಿ ಹೇಗಿದೆ?”

“ಯಾರ್ ಹೇಳಿದ್ರು ಚಿಕ್ಕಮ್ಮ?”

“ಟೀವಿ ಹೇಳ್ತು.”

“ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದಾಳೆ. ಎಕ್ಸ್‌ಚೇಂಜಲ್ಲಿ ಇದ್ದೋಳಿಗೆ ಕಿವಿ ಹೋಯ್ತು ಅಂದ್ರೆ ಜನ ನಗ್ತಾರಂತೆ. ಮಷೀನ್ ಹಾಕ್ಕೊ ಅಂದ್ರೆ ಊಟ ಬಿಡ್ತಾಳೆ.”

“ನಂಗೂ ಹೇಳ್ಬಾರ್ದಾ?”

“ನಿಮಗಂತೂ ಹೇಳ್ಲೇಬಾರ್ದು ಅಂದ್ಲು. ನೀವು ಅಳ್ತೀರಂತೆ.”

ಅಳಲಿಲ್ಲ. ಮ್ಯಾಟಿನಿಯಲ್ಲಿ ಇಬ್ಬರಿಗೆ ಒಂದೇ ಸೀಟಿನ ಟಿಕೆಟ್ ಕೊಟ್ಟೆ. ಬೈಸಿಕೊಂಡೆ.

ಮಾರ್ಚ್ 25, ಮಂಗಳವಾರ. ವಾರದ ರಜೆ

ಕಳೆದ ಎರಡು ರಜೆಗಳಲ್ಲೂ ಬಸ್‌ಸ್ಟಾಪಿನ ತನಕ ಹೋಗಿ ವಾಪಸಾದೆ. ಬರೆಯುವಂಥದ್ದೇನಲ್ಲ. ಇವತ್ತು ಬಸ್ಸು ಹತ್ತಿದೆ.

ಬೆಲ್ ಒತ್ತಿದರೆ ಒಳಗೆ ಸದ್ದಿಲ್ಲ. ಕಿಟಕಿಯಿಂದ ಕಂಡಿತು, ಸದ್ದಿನ ಬದಲು ಹಾಲಿನಲ್ಲಿ ಒಂದು ಬಲ್ಬು ಮಿಣಮಿಣ. ಮಗಳು ಮಾಡಿಸಿದ ಏರ್ಪಾಡಿರಬೇಕು. ಅಕ್ಕ ಬಂದು ಬಾಗಿಲು ತೆಗೆದಳು. ತೂಕ ಇಳಿದಿದೆ. ನಿನ್ನೆಯಷ್ಟೇ ಬಂದು ಹೋದವಳಿಗೆ ಹೇಳುವ ಹಾಗೆ “ಬಾರೇ” ಅಂದಳು. ಮಗಳು ಆಫೀಸಿಗೆ ಹೋಗಿದ್ದಳು.

ಕೂತ ತಕ್ಷಣ ಶುರು. “ಆ ಹೊಸಾ ಹೀರೋ ವಿಗ್ ನೋಡಿದ್ಯೇನೆ? ಕಾಗೆ ಗೂಡು. ಕಂಪ್ಯೂಟರು ಈಗ ಪದ್ಯ ಬರಿಯುತ್ತಂತೆ. ಬರೀಲಿ ಬಿಡು, ಪಾತ್ರೆ ತೊಳೆಯೋದು ಕಲಿತ ದಿನ ಬಂದು ಹೇಳು ನಂಗೆ. ಚಂದ್ರನ ಮೇಲೆ ನೀರಿದ್ಯಂತೆ, ನಮ್ಮ ನಲ್ಲೀಲಿ ಇಲ್ಲ...” ಎಡೆಬಿಡದೆ ಮಾತು. ಉಸಿರು ತೆಗೆದುಕೊಳ್ಳಲೂ ನಿಲ್ಲಿಸುತ್ತಿಲ್ಲ. ನಿಲ್ಲಿಸಿದರೆ ನಾನೇನಾದರೂ ಕೇಳಿಬಿಡುತ್ತೇನೆ, ಅದು ತನಗೆ ಕೇಳಿಸುವುದಿಲ್ಲ ಅಂತ ಭಯ. ನನಗೆ ಅರ್ಥವಾಯಿತು.

ಮಾತನ್ನು ಅಕ್ಷರ ಮಾಡುವುದೊಂದು ಫೋನಿನಲ್ಲಿದೆ. ಬಸ್ಸಿನಲ್ಲಿ ಬರುವಾಗಲೇ ಹಾಕಿಕೊಂಡಿದ್ದೆ. ಬಾಯಿಗೆ ಹತ್ತಿರ ಹಿಡಿದು ಹೇಳಿದೆ: “ಅಕ್ಕಾ, ನಂಗೆ ತುಂಬ ಕೋಪ ಇತ್ತು.” ಅವಳ ಮುಂದೆ ಹಿಡಿದೆ. ಕನ್ನಡಕ ಹುಡುಕಿ ಹಾಕಿಕೊಂಡು ನಿಧಾನ ಓದಿದಳು.

“ಹಕ್ಕಿ ನಂಗೆ ತುಂಬ ಕಪ್ಪು ಇತ್ತು... ಯಾವ ಹಕ್ಕಿನೇ?”

ನಗು ತಡೆಯಲಾಗಲಿಲ್ಲ. ಅವಳಿಗೂ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವಳು ಇದ್ದಕ್ಕಿದ್ದಂತೆ ನಿಲ್ಲಿಸಿದಳು. “ಗೊತ್ತಾಯ್ತಾ ನಿಂಗೆ?” ಅಂದಳು. ತಲೆಯಾಡಿಸಿದೆ.

ಫೋನ್ ಪಕ್ಕಕ್ಕಿಟ್ಟು, ಎದುರಿಗೆ ಕೂತು, ತುಟಿ ಬಿಡಿಸಿ ಬಿಡಿಸಿ ಹೇಳಿದೆ. “ಮದುವೇಲಿ ಕರ್ದೆ. ಊಟದ ಹತ್ರ. ಎರಡು ಸಲ.”

ನನ್ನ ಬಾಯನ್ನೇ ನೋಡುತ್ತಿದ್ದಳು. ಮುಖ ಇಳಿಯಿತು.

“ನಾನು ಅವತ್ತು ಪೂರ್ತಿ ನಿನ್ನೇ ಕಾಯ್ತಿದ್ದೆ ಕಣೆ. ಬಂದು ಮಾತಾಡಿಸ್ಲೇ ಇಲ್ಲ ಇವಳು, ಇಷ್ಟು ಕೊಬ್ಬಾ ಅಂತ ನಂಗೂ ಕೋಪ.”

ಅವಳು ಎದ್ದು ಹೋಗಿ ಟೀ ಇಟ್ಟಳು. ಅದು ಉಕ್ಕುವ ಸದ್ದು ನನಗೆ ಕೇಳಿಸಿತು, ಓಡಿಹೋಗಿ ಆರಿಸಿದೆ.

ಏಪ್ರಿಲ್ 6, ಭಾನುವಾರ. ಮ್ಯಾಟಿನಿ

ದಿನಾ ಮೆಸೇಜು. ಗೋಡೆಯಾಚೆ ಕೇಳಿದ್ದನ್ನು ನಾನು ಬರೆಯುತ್ತೇನೆ, ಫೋನಿನಲ್ಲಿ ಟ್ರೇಲರ್ ನೋಡಿದ್ದನ್ನು ಅವಳು. ‘ನೀನು ನೋಡ್ದೆ ಹೇಳ್ತೀಯ, ನಾನು ಕೇಳ್ದೆ ಹೇಳ್ತೀನಿ. ಆ ಡೈರೆಕ್ಟರ್ ಹಣೆಬರಹ’ ಅಂತ ಕಳಿಸಿದ್ದಾಳೆ. ಟಾರ್ಚ್‌ಗೆ ಓದಿ ಹೇಳಿದೆ.

ಆದರೂ ಮನೆಗೆ ಹೋಗಿ ಬೀಗ ತೆಗೆದರೆ ಅದೇ ಮನೆ. ಮೆಸೇಜಿಗೆ ದನಿ ಇಲ್ಲ.

ನಿನ್ನೆ ಧೈರ್ಯ ಮಾಡಿ ಬರೆದೆ: ‘ಮಷೀನ್ ಹಾಕಿಸ್ಕೋ. ನಾನೂ ಬರ್ತೀನಿ.’ ಇಡೀ ದಿನ ಉತ್ತರ ಬರಲಿಲ್ಲ. ಈಗ ಬಂತು — ‘ಕೂದಲು ಇಳಿಬಿಟ್ಟು ಮುಚ್ಕೊತೀನಿ. ಯಾರಿಗೂ ಕಾಣ್ಬಾರ್ದು.’

ಏಪ್ರಿಲ್ 15, ಮಂಗಳವಾರ. ಸಂಜೆ

ಕಿವಿ ಆಸ್ಪತ್ರೆಯಲ್ಲಿ ಮಷೀನ್ ಕೂರಿಸಿದ ಹುಡುಗಿ ಒಳ್ಳೆಯವಳು, ಅವಸರ ಮಾಡಲಿಲ್ಲ. ಹಚ್ಚಿದ ಕೂಡಲೇ ಅಕ್ಕ ಬೆಚ್ಚಿದಳು. ಪೇಪರ್ ಮಡಚಿದ ಸದ್ದಿಗೆ, ಫ್ಯಾನಿನ ಸದ್ದಿಗೆ, ತನ್ನ ಬಳೆ ಸದ್ದಿಗೆ. “ಎಲ್ಲಾ ತಗಡು ಬಡ್ದ ಹಾಗೆ, ತಗಡು” ಅಂದಳು. ಮಗಳು ಏನೋ ಹೇಳಿದರೆ “ನೀನೂ ತಗಡು.” ತೆಗೆಯಲು ಕೈ ಎತ್ತಿದಳು.

ಹುಡುಗಿ ನನ್ನ ಕಡೆ ತಿರುಗಿ, “ನೀವೇನಾದ್ರೂ ಮಾತಾಡಿ ಆಂಟಿ, ಸಾಮಾನ್ಯವಾಗಿ ಮಾತಾಡೋ ಹಾಗೆ” ಅಂದಳು.

ಎರಡು ವರ್ಷ ಕೂಡಿಟ್ಟಿದ್ದ ಮಾತು ಒಂದೂ ನಾಲಿಗೆಗೆ ಬರಲಿಲ್ಲ. “ಮ್ಯಾಟಿನಿ ಹೌಸ್‌ಫುಲ್ ಅಕ್ಕಾ” ಅಂದೆ. ಸುಳ್ಳು ಬೇರೆ.

ಅವಳ ಕೈ ಅಲ್ಲೇ ನಿಂತಿತು.

“ಇನ್ನೊಂದ್ಸಲ ಹೇಳು.”

ಹೇಳಿದೆ.

“ನಿನ್ ದನಿ ಅಮ್ಮಂದಾಗ್ಬಿಟ್ಟಿದೆ ಕಣೆ.”

“ಎಲ್ಲಾ ತಗಡು ಅಂದ್ಯಲ್ಲ?”

“ತಗಡೇ. ಆದ್ರೂ ಅಮ್ಮಾನೇ.”

ಮಗಳು ಅವಳನ್ನು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದಳು. ಮನೆಗೆ ಬಾ ಅಂದರು, ನಾಳೆ ಕೆಲಸ ಇದೆ ಅಂದೆ. ಬಸ್ಸಿನಲ್ಲಿ ಬಂದೆ. ಕಂಡಕ್ಟರನಿಗೆ ಊರಿಗೆಲ್ಲ ಕೇಳುವ ಹಾಗೆ ಸ್ಟಾಪಿನ ಹೆಸರು ಹೇಳಿದೆ. ಅವನು ನೋಡಿದ.

ಅಮ್ಮ ಹೋಗಿ ಎಷ್ಟೋ ವರ್ಷವಾಯಿತು. ಅವಳ ದನಿ ಹೇಗಿತ್ತು ಅಂತ ನೆನಪಿಸಿಕೊಳ್ಳಲು ನೋಡುತ್ತೇನೆ — ಮಾತು ನೆನಪಾಗುತ್ತದೆ, ಬೈಗುಳ ನೆನಪಾಗುತ್ತದೆ, ದನಿ ಇಲ್ಲ. ಆಗ ಯಾರ ಬಳಿ ರೆಕಾರ್ಡ್ ಮಾಡುವ ಫೋನಿತ್ತು? ಅಷ್ಟೆಲ್ಲ ದಿನ ಇಲ್ಲಿ ಒಬ್ಬಳೇ ಇದ್ದೆ, ಅಮ್ಮನ ದನಿ ಇದೇ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿತ್ತು.

ಕೈಕಾಲು ತೊಳೆದು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ‘ಮ್ಯಾಟಿನಿ ಹೌಸ್‌ಫುಲ್.’ ನನಗೇನೂ ಹಾಗೆ ಅನ್ನಿಸಲಿಲ್ಲ. ಕೌಂಟರಿನವಳ ದನಿ. ಅಮ್ಮ ಹಾಗೆಲ್ಲ ಎಲ್ಲಿ ಹೇಳುತ್ತಿದ್ದಳು? ಒಳಗಿನಿಂದ ನಮ್ಮಿಬ್ಬರನ್ನೂ ಒಟ್ಟಿಗೇ ಕರೆಯುತ್ತಿದ್ದಳು — ‘ಏಳ್ರೇ, ಬೆಳಗಾಯ್ತು’.

ಅದನ್ನೇ ಹೇಳಿ ನೋಡುತ್ತೇನೆ. ಸ್ವಲ್ಪ ಜೋರಾಗಿ...