ಹಲ್ಲಿಲ್ಲದ ಕೊಲೆಗಾರನ ಪರವಾಗಿ

ಜಿಲ್ಲೆಯ ವನ್ಯಜೀವಿ ಅಧಿಕಾರಿಗಳೇ,

ನನ್ನ ಕುರಿಯನ್ನು ನನ್ನ ನಾಯಿಯೇ ಕೊಂದಿದೆಯೆಂದೂ ಬರುವ ಶುಕ್ರವಾರದೊಳಗೆ ಅದಕ್ಕೆ ಗುಂಡು ಹೊಡೆಸಬೇಕೆಂದೂ ತಮ್ಮ ಆದೇಶ ಬಂದಿದೆ. ಓದಿ ಮೊದಲು ನಗು ಬಂತು, ಆಮೇಲೆ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದೆ. ಮಾನ್ಯರೇ, ನಮ್ಮ ಟ್ರಿಗ್‌ನ ಬಾಯಲ್ಲಿ ಒಂದು ಹಲ್ಲೂ ಇಲ್ಲ! ಬೇಯಿಸಿದ ಆಲೂಗಡ್ಡೆಯನ್ನೂ ಹಿಸುಕಿ ಕೊಡಬೇಕಾದವನು ಕೊಬ್ಬಿದ ಕುರಿಯ ಕತ್ತು ಸೀಳಿದನೇ?

ಗುಡ್ಡದಲ್ಲಿ ಮೇಯಲು ಬಿಟ್ಟ ಕುರಿ ಒಂದು ಬೆಳಿಗ್ಗೆ ಸತ್ತು ಬಿದ್ದಿತ್ತು, ಕತ್ತಿನಲ್ಲಿ ಕೋರೆಹಲ್ಲಿನ ತೂತು. ಗಡಿಯಾಚೆಯ ಸ್ವೀಡನ್ನಿನಿಂದ ತೋಳ ಬರುವುದು ನಮಗೆ ಹೊಸದಲ್ಲ. ತಮ್ಮ ಕಚೇರಿಗೆ ಫೋನ್ ಮಾಡಿದೆ. "ಟಾರ್ಪಾಲು ಹೊದ್ಸಿ ಅಜ್ಜಿ. ಕಾಗೆ, ನರಿ ಮುಟ್ಟದ ಹಾಗೆ ನೋಡ್ಕೊಳ್ಳಿ, ಸಾಕ್ಷಿ ಹಾಳಾಗುತ್ತೆ" ಎಂದರು. ಸರ್ಕಾರದ ಮಾತು ಮೀರಲಾದೀತೇ? ಟ್ರಿಗ್‌ನನ್ನು ಕಾವಲಿಗೆ ಕೂರಿಸಿದೆ. ತಮ್ಮ ಇನ್‌ಸ್ಪೆಕ್ಟರು ವಾರದ ಕೊನೆಯ ರಜೆ ಮುಗಿಸಿ ನಿಧಾನವಾಗಿ ದಯಮಾಡಿಸುವಷ್ಟರಲ್ಲಿ, ಮುದುಕ ಟ್ರಿಗ್ ಟಾರ್ಪಾಲಿನಡಿ ಮೂತಿ ತೂರಿಸಿ ಗಾಯವನ್ನೆಲ್ಲ ನೆಕ್ಕಿದ್ದ. ತಾಯಿ ಒಲ್ಲದ ಮರಿಯಾಗಿದ್ದಾಗ ಆ ಕುರಿಯನ್ನು ನಮ್ಮ ಒಲೆಯ ಪಕ್ಕ ನೆಕ್ಕಿ ಬೆಳೆಸಿದವನೂ ಅವನೇ.

ಇನ್‌ಸ್ಪೆಕ್ಟರು ಹತ್ತಿಕಡ್ಡಿಯಲ್ಲಿ ಗಾಯ ಒರೆಸಿದರು, ಟ್ರಿಗ್‌ನ ಬಾಯನ್ನೂ ಒರೆಸಿದರು. ಕಣ್ಣು ಮಾತ್ರ ನಾನು ಜಾಮ್ ಹಚ್ಚಿಟ್ಟ ವಾಫಲ್ ಮೇಲಿತ್ತು. ಆದೇಶ ಬಂದಮೇಲೆ ಅವರಿಗೇ ಫೋನ್ ಮಾಡಿದೆ.

"ಸಾಫ್ಟ್‌ವೇರ್ ಸುಳ್ಳು ಹೇಳಲ್ಲ ಅಜ್ಜಿ. ಸಾವಿರ ನಾಯಿಗಳ ಡಿಎನ್‌ಎ ಇದ್ರೂ ನಿಮ್ಮ ನಾಯೀನೇ ಹೆಕ್ಕಿ ತೋರ್ಸುತ್ತೆ."

"ತೋರಿಸ್ಲಿ ಮಗಾ. ಜೊಲ್ಲು ಯಾರ್ದು ಅಂತ ಅದು ಹೇಳ್ತು. ಕಚ್ಚಿದ್ದು ಯಾರು ಅಂತ ಹೇಳಿದ್ದು ನೀನು."

"ತೋಳದ ಜೊಲ್ಲು ಸಿಗ್ಲೇ ಇಲ್ವಲ್ಲ?"

"ನೀನು ನೆಕ್ಕಿಟ್ಟು ಹೋದ ತಟ್ಟೇಲಿ ನಂಗೆ ಜಾಮ್ ಸಿಕ್ಕಿತ್ತಾ?"

ಫೋನ್ ಕಟ್ಟಾಯಿತು. ಕುರಿ ಕೊಂದ ತೋಳ ಗುಡ್ಡದ ಮೇಲೆ ಹಾಯಾಗಿದೆ, ಕಾವಲು ಕಾದವನಿಗೆ ಗುಂಡು!

ಆದೇಶ ಹಿಂದಕ್ಕೆ ಪಡೆಯಿರಿ. ಆಗದಿದ್ದರೆ ಶುಕ್ರವಾರಕ್ಕೆ ಮೊದಲು ತಾವೇ ಬಂದು ಅವನ ಬಾಯಲ್ಲಿ ಬೆರಳಿಡಿ. ಹೆದರಿಕೆಯಾದರೆ ಅಂಗಳದಲ್ಲಿ ಬಾಟಲಿ ಹಾಲು ಕುಡಿಯುವ ಕುರಿಮರಿಗಳ ಕತ್ತು ಒರೆಸಿ ಸಾಫ್ಟ್‌ವೇರಿಗೆ ಕೊಡಿ. ಅವನ ಜೊಲ್ಲಿಲ್ಲದ ಕತ್ತು ಒಂದೂ ಸಿಗದು. ಒರೆಸುವಾಗ ತಮ್ಮ ಲೆಕ್ಕದಲ್ಲಿ ಸತ್ತವರು ಮ್ಯಾ ಎಂದರೆ ಗಾಬರಿಬೀಳಬೇಡಿ. ಕೊನೆಗೆ ನನ್ನ ಕೆನ್ನೆಯನ್ನೂ ಒರೆಸಿಕೊಳ್ಳಿ.

ಇಂತಿ,
ದಿನಾ ಬೆಳಿಗ್ಗೆ ಅದೇ ನಾಯಿಯಿಂದ ಕೊಲೆಯಾಗಿ, ಎದ್ದು ಕಾಫಿಗಿಡುವ
ಬೋರ್ಗಿಲ್ಡ್ ಅಜ್ಜಿ