ಫಿಲ್ಫಿಲ್ ಬಾಯಿಗೆ ಇಟ್ಟ ಚಮಚ

ಅಲೆಕ್ಸಾಂಡ್ರಿಯಾ,
ರಂಜಾನಿನ ಎರಡನೇ ಭಾನುವಾರ

ಪ್ರೀತಿಯ ಹಾಜಿಮಣ್ಣಾ,

ಪ್ರೀತಿಯ ಅಂತ ರೂಢಿಗೆ ಬರೆದೆ, ಸಿಟ್ಟು ನೆತ್ತಿಗೇರಿದೆ. ಚೆನ್ನಾಗಿದ್ದೀಯಾ? ಬೂಟು ಕಚ್ಚಿದ ಕಾಲು ವಾಸಿಯಾಯಿತಾ? ಸೈನ್ಯದ ಶಿಬಿರದಲ್ಲಿ ಇಫ್ತಾರಿಗೂ ಬರೀ ಬೇಳೆ ಸಾರಂತೆ ಎಂದು ಅಮ್ಮ ಕೊರಗುತ್ತಾಳೆ. ನಾನು ಕೊರಗುತ್ತಿಲ್ಲ.

ನಿನ್ನ ನಾಯಿ ಫಿಲ್ಫಿಲ್‌ಗೆ ಮೊನ್ನೆ ಮತ್ತೆ ಫಿಟ್ಸ್ ಬಂತು. ಅವನ ಬೆಳಗಿನ ಮಾತ್ರೆ ನಮ್ಮ ತಿಂಡಿಯ ಚೀಸಿನೊಳಗೇ ಹೋಗುತ್ತಿತ್ತಲ್ಲ; ಉಪವಾಸಕ್ಕೆ ತಿಂಡಿ ನಿಂತಿತು, ಮಾತ್ರೆಯೂ ನಿಂತಿತು. ಸಂಜೆ ಮಸೀದಿಯ ಬಾಂಗಿಗೆ ಮುಂಚೆ ತಟ್ಟೆ ಹಾಕುವಾಗ ಧೊಪ್ಪೆಂದು ಬಿದ್ದು ಕಾಲು ಬಡಿಯತೊಡಗಿದ. ನಾನು ಕುರ್ಚಿ ಸರಿಸಿ, ದೀಪ ಆರಿಸಿ, "ಯಾರೂ ಮುಟ್ಬೇಡಿ, ತಾನಾಗೇ ನಿಲ್ಲುತ್ತೆ" ಅಂದೆ. ಪಕ್ಕದ ಮನೆಯ ಉಮ್ಮ್ ವಗ್ದಿ ಈರುಳ್ಳಿ ಹೆಚ್ಚಿಕೊಂಡು ಓಡಿ ಬಂದರು. "ಮೂಗಿಗೆ ಹಿಡಿಯೇ ಹುಡುಗಿ, ಮೈಗೆ ಹೊಕ್ಕ ಜಿನ್ನೂ ಓಡುತ್ತೆ, ನೆಗಡಿನೂ ಓಡುತ್ತೆ." ಅಮ್ಮನ ಕೈಯಲ್ಲಿ ಚಮಚ. "ಹಾಜಿಮ್ ಹೇಳಿ ಹೋಗಿದಾನೆ ಕಣೇ, ಇದನ್ನ ಹಲ್ಲಿನ ಮಧ್ಯೆ ಇಡದಿದ್ರೆ ನಾಲಿಗೆ ನುಂಗ್ಬಿಡುತ್ತೆ."

ನಾಲಿಗೆ ಯಾರೂ ನುಂಗುವುದಿಲ್ಲ ಮಹಾರಾಯ. ನಾಯಿ ಸಾಕುವವರ ಗ್ರೂಪಿನಲ್ಲಿ ಬಂದದ್ದನ್ನು ನೀನು ಹೊರಡುವ ಮುಂಚೆಯೇ ನಾನು ನಿನಗೆ ತೋರಿಸಿರಲಿಲ್ಲವಾ? "ಏನೇ, ಫೋನ್ ನೋಡ್ಕೊಂಡೇ ಡಾಕ್ಟರಾಗ್ಬಿಟ್ಯಾ?" ಅಂತ ನೀನು ನಕ್ಕೆ. ಈಗ ನಗು. ಅಮ್ಮನ ತೋರುಬೆರಳು ಉಗುರು ಸಮೇತ ಹರಿದಿದೆ, ಹುಚ್ಚುನಾಯಿ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದಾಳೆ. ಫಿಲ್ಫಿಲ್ ಎದ್ದವನೇ ಕುಡುಕನ ಹಾಗೆ ತೂರಾಡುತ್ತ ಬಂದು ಅದೇ ಕೈ ನೆಕ್ಕಲು ಹೋದ. ಕಚ್ಚಿದ್ದು ಅವನಿಗೆ ಗೊತ್ತೇ ಇಲ್ಲ.

ಅಪ್ಪ ಅಂಗಡಿಯಿಂದ ಬಂದಾಗ ಅಮ್ಮ ಏನೆಂದಳು ಗೊತ್ತಾ? "ಊಟ ಹಾಕ್ತಿದ್ದೆ, ಕಚ್ಬಿಡ್ತು." ಫಿಟ್ಸ್ ಇಲ್ಲ, ಚಮಚ ಇಲ್ಲ, ನಿನ್ನ ಹೆಸರಂತೂ ಇಲ್ಲವೇ ಇಲ್ಲ. ಅಪ್ಪನಿಗೆ ಹೇಳಕೂಡದೆಂದು ನನ್ನಿಂದಲೂ ಉಮ್ಮ್ ವಗ್ದಿಯಿಂದಲೂ ಆಣೆ ಹಾಕಿಸಿಕೊಂಡಳು. "ಹುಡುಗ ಅಲ್ಲಿ ಒಬ್ಬನೇ ಇದಾನೆ, ಅಪ್ಪನ ಬೈಗುಳ ಅವನಿಗ್ಯಾಕೆ?" ಮತ್ತೆ ನಾಯಿಗ್ಯಾಕೆ, ಅಣ್ಣಾ?

ಮಾತ್ರೆ ಈಗ ನಾನೇ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದೇನೆ. ಅಲ್ಲಾಹ್ ನಿನ್ನನ್ನು ಕಾಪಾಡಲಿ, ಜೊತೆಗೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ ತಂಗಿ,
ನಶ್ವಾ

ಮರೆತೆ: ಕಚ್ಚುವ ನಾಯಿ ಮನೆಯಲ್ಲಿರಬಾರದೆಂದು ಅಪ್ಪ ಶುಕ್ರವಾರಕ್ಕೆ ಗಾಡಿ ಹೇಳಿದ್ದಾರೆ, ಮರಳುಗಾಡಿನ ರಸ್ತೆಯಲ್ಲಿ ಬಿಟ್ಟು ಬರುತ್ತಾರಂತೆ. ಗುರುವಾರ ಶಿಬಿರದಲ್ಲಿ ನಿಮಗೆ ಫೋನ್ ಕೊಡುತ್ತಾರಲ್ಲ, ನನಗೆ ಮಾಡಬೇಡ, ಅಮ್ಮನಿಗೂ ಬೇಡ. ಅಪ್ಪನಿಗೆ ಮಾಡು. ಫಿಟ್ಸ್ ಬಂದಾಗ ಬಾಯಿಗೆ ಚಮಚ ಇಡೋಕೆ ಹೇಳಿದ್ದು ನಾನು ಅನ್ನು. ಅಷ್ಟು ಸಾಕು.