ಶರೋನ್ ಮೇಜು ಬಡಿದದ್ದು ನಕಲಿಗಲ್ಲ, ಲೆಕ್ಕಕ್ಕೆ

ಪರೀಕ್ಷಾ ಶಿಸ್ತು ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಮೊಮ್ಮಗಳು ಶರೋನ್ ಹತ್ತನೇ ತರಗತಿಯ ಗಣಿತ ಪರೀಕ್ಷೆಯಲ್ಲಿ ಮೇಜಿನ ಮೇಲೆ ಬೆರಳು ಬಡಿದಳು. ಅದು ಹಿಂದಿನ ಬೆಂಚಿಗೆ ಉತ್ತರ ದಾಟಿಸುವ ಸನ್ನೆ ಎಂದು ನಿಮ್ಮ ಮೇಲ್ವಿಚಾರಕರು ಉತ್ತರಪತ್ರಿಕೆ ಕಿತ್ತುಕೊಂಡರು. ಶುಕ್ರವಾರ ನಿಮ್ಮ ಸಮಿತಿ ಕೂರುತ್ತದಂತೆ. ಆಪಾದನೆ ನಿಜವೆಂದು ನೀವು ಬರೆದರೆ ಅವಳು ಪೂರಕ ಪರೀಕ್ಷೆಗೂ ಕೂರುವಂತಿಲ್ಲವಂತೆ. ಬೇರೆ ದಾರಿ ಉಳಿಯದೆ ದಿನಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾವು ಉದ್ಯಾವರದ ಕೊಂಕಣಿ ಕ್ರೈಸ್ತರು. ಮದುವೆಯ ಹಿಂದಿನ ದಿನ ರೋಸ್ ಶಾಸ್ತ್ರದಲ್ಲಿ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವಾಗ ನನ್ನ ಮಗ, ಶರೋನಳ ಅಪ್ಪ ಲೂಯಿಸ್ ಗುಮಟ್ ಬಾರಿಸುತ್ತಾನೆ. ಗುಮಟ್ ಎಂದರೆ ಮಣ್ಣಿನ ಮಡಕೆಗೆ ಚರ್ಮ ಬಿಗಿದ ವಾದ್ಯ. ತಮಗೆ ಗೊತ್ತಿರಲಾರದು, ಅದರ ಬಗ್ಗೆ ಸುತ್ತೋಲೆ ಬಂದಿರುವುದಿಲ್ಲ. ಮನೆಯಲ್ಲಿ ಅವನು ನಾಲ್ಕಕ್ಕೊಂದು ಗಟ್ಟಿ ಪೆಟ್ಟು ಹಾಕಿದರೆ ನಾನು ಚೇಷ್ಟೆಗೆ ಮೂರಕ್ಕೊಂದು ಚಪ್ಪಾಳೆ ಹಾಕುವುದುಂಟು. ಎರಡೂ ಹನ್ನೆರಡರಲ್ಲಿ ಬಂದು ಸೇರಿದಾಗ ಎಲ್ಲರೂ "ಹೋ" ಎನ್ನುತ್ತೇವೆ. ಶರೋನ್ ಸಣ್ಣವಳಿರುವಾಗಲೇ ಅದನ್ನು ಚೌಕುಳಿ ಹಾಳೆಯಲ್ಲಿ ಬಿಡಿಸಿದಳು: ನನ್ನ ಚಪ್ಪಾಳೆಗೆ ಹಳದಿ, ಅಪ್ಪನ ಗಟ್ಟಿ ಪೆಟ್ಟಿಗೆ ನೀಲಿ, ಎರಡೂ ಬಿದ್ದ ಮನೆ ಹಸಿರು. ಗೋಡೆಗೆ ಅಂಟಿಸಿದಾಗ ನೋಡಿದವರು ಚಾಪೆಯ ಚಿತ್ತಾರ ಎಂದುಕೊಂಡರು. ಮುಂದೆ ಶಾಲೆಯಲ್ಲಿ ಲ.ಸಾ.ಅ. ಎಂದು ಎಲ್ಲರನ್ನೂ ಹೆದರಿಸಿದಾಗ ಇವಳು ನಗುತ್ತಾ ಬಂದಳು: "ಇದು ನಮ್ಮ ಹಸಿರು ಮನೆ ಅಲ್ವಾ?"

ಪರೀಕ್ಷೆಯಲ್ಲಿ ಕೇಳಿದ್ದೂ ಅದನ್ನೇ. ಎರಡು ಗಂಟೆಗಳು ಬೇರೆಬೇರೆ ಅಂತರದಲ್ಲಿ ಬಾರಿಸಿದರೆ ಮತ್ತೆ ಒಟ್ಟಿಗೆ ಬಾರಿಸುವುದು ಯಾವಾಗ? ಇವಳು ಎಡಗೈಗೆ ಒಂದು ಗಂಟೆ ಕೊಟ್ಟಳು, ಬಲಗೈಗೆ ಇನ್ನೊಂದು. ಕಚ್ಚಾ ಲೆಕ್ಕದ ಜಾಗದಲ್ಲಿ ಚೌಕ ಬಿಡಿಸಿದಳು. ನಿಮ್ಮವರಿಗೆ ಬಡಿತ ಸನ್ನೆಯಾಯಿತು, ಚಿತ್ರ ಗುಪ್ತಲಿಪಿಯಾಯಿತು. ಹಿಂದೆ ಕೂತಿದ್ದ ಮೋಕ್ಷಾ ಆ ಪ್ರಶ್ನೆಯನ್ನು ಮುಟ್ಟಿಯೇ ಇರಲಿಲ್ಲ. ತಲುಪಬೇಕಾದವಳಿಗೇ ತಲುಪದ ಇದು ಎಂಥ ಸನ್ನೆ ಸ್ವಾಮೀ?

ಉಡುಪಿಯ ನಿಮ್ಮ ಕಚೇರಿಗೂ ಹೋದೆ. ಗುಮಾಸ್ತರು ತಲೆ ಎತ್ತದೆ ಕೇಳಿದರು, "ಬಾಯಮ್ಮ, ಗಣಿತಕ್ಕೂ ತಬಲಕ್ಕೂ ಎಂತ ಸಂಬಂಧ?"

"ತಬಲ ಅಲ್ಲ ಮಾರಾಯ, ಗುಮಟ್. ಸಂಬಂಧ ಉಂಟಾ ಇಲ್ವಾ ಅಂತ ಬಡಿದು ತೋರಿಸ್ಲಾ?"

"ಇಲ್ಲಿ ಬಡೀಬೇಡಿ, ಒಳಗೆ ಸಾಹೇಬ್ರು ಇದ್ದಾರೆ."

"ಅವರಿಗೆ ಎಚ್ಚರ ಆಗ್ಲಿ ಅಂತ್ಲೇ ಬಂದದ್ದು ನಾನು!"

ಕಾವಲುಗಾರ ಮೆಟ್ಟಿಲಿನವರೆಗೂ ಬೀಳ್ಕೊಟ್ಟ. ಗೌರವಕ್ಕೆ ಕೊರತೆಯಾಗಲಿಲ್ಲ.

ನನ್ನ ನಾಲಿಗೆಯ ಜೋರು ಅಲ್ಲಿಗೇ ಮುಗಿಯಿತು. ಮನೆಯಲ್ಲಿ ಶರೋನ್ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂರುತ್ತಾಳೆ. ಗೋಡೆಯ ಚಿತ್ರವನ್ನು ತಾನೇ ಹರಿದು ಹಾಕಿದಳು. ಮೊನ್ನೆ ಕಾಪುವಿನಲ್ಲಿ ನನ್ನ ತಂಗಿಯ ಮೊಮ್ಮಗಳು ಸಿಂಥಿಯಾಳ ರೋಸ್. ಲೂಯಿಸ್ ಬಾರಿಸಲು ತೊಡಗಿದ್ದೇ ಇವಳು ಹಿತ್ತಲಿಗೆ ಓಡಿ ಕಿವಿ ಮುಚ್ಚಿಕೊಂಡು ನಿಂತಳು. "ಕೈ ಸುಮ್ಮನಿದ್ದಿದ್ರೆ ಪಾಸಾಗ್ತಿದ್ದೆ" ಎನ್ನುತ್ತಾಳೆ. ಊಟಕ್ಕೆ ಕರೆದರೆ ಬಾಗಿಲು ತೆರೆಯುವುದಿಲ್ಲ. ಒಳಗಿಂದ ಒಂದು ಸದ್ದಾದರೂ ಬರಲಿ ಎಂದು ಹೊರಗೆ ನಿಂತಿರುತ್ತೇನೆ. ನನಗೆ ಹೆದರಿಕೆಯಾಗುತ್ತದೆ, ಮಾನ್ಯರೇ. ಪರೀಕ್ಷೆ ಹೋದದ್ದಕ್ಕಲ್ಲ, ಮಗು ಹೋದೀತೆಂದು.

ಶುಕ್ರವಾರ ಅವಳನ್ನು ಕರೆತರುತ್ತೇನೆ. ತೀರ್ಮಾನ ಬರೆಯುವ ಮೊದಲು ನಿಮಗೆ ಬೇಕಾದ ಎರಡು ಸಂಖ್ಯೆ ಕೊಡಿ. ಅವಳು ಬಡಿಯಲಿ, ಬಿಡಿಸಲಿ, ಉತ್ತರ ಹೇಳಲಿ. ತಪ್ಪಿದರೆ ನಿಮ್ಮ ಶಿಕ್ಷೆ ಇರಲಿ. ಸರಿಯಾದರೆ ಉತ್ತರಪತ್ರಿಕೆಯನ್ನು ಮೌಲ್ಯಮಾಪನಕ್ಕೆ ಕಳುಹಿಸಿ. ಮತ್ತೆ, ಅವಳ ಕೈ ತಪ್ಪು ಮಾಡಲಿಲ್ಲವೆಂದು ಅವಳ ಎದುರೇ ಹೇಳಿ. ನಾನು ಹೇಳಿದರೆ ನಂಬುವುದಿಲ್ಲ.

ಇಂತಿ,
ಐದನೇ ಕ್ಲಾಸಿಗೇ ಶಾಲೆ ಬಿಟ್ಟು ನಿಮ್ಮಿಂದ ಪಾರಾದೆನೆಂದು ತಿಳಿದಿದ್ದ
ಪ್ರೆಸಿಲ್ಲಾ, ಉದ್ಯಾವರ